ಕಾದಂಬರಿಯಲ್ಲಿ ಬೆಕ್ಕು ಬೆಕ್ಕಾಗಿಯೇ ಇರಬೇಕೋ, ಪ್ರೀತಿಯ ಸಂಕೇತವಾಗಬೇಕೋ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ, ನನ್ನ ಮೊದಲನೆಯದು. ಒಂಬತ್ತನೇ ಅಧ್ಯಾಯಕ್ಕೆ ಬಂದು ನಿಂತುಬಿಟ್ಟಿದೆ. ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಕಥೆ ಇಷ್ಟು. ರಘುನಾಥ ಅಂತ ಒಬ್ಬರು, ಅರವತ್ತೆಂಟು ವಯಸ್ಸು. ಹೆಂಡತಿ ವಸುಧಾ ತೀರಿಕೊಂಡು ಮೂರು ತಿಂಗಳಾಗಿದೆ. ವಸುಧಾ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದವರು. ಮಷಿನ್ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅವರೇ ಬಟ್ಟೆ ಚೂರು ತುಂಬಿ ಹೊಲಿದ ಒಂದು ದಿಂಬು. ಈಗ ದಿನಾ ಸಂಜೆ ಚುಕ್ಕಿ ಬಂದು ಆ ದಿಂಬಿನ ಮೇಲೆ ಕೂರುತ್ತದೆ. ಚುಕ್ಕಿ ಅವರ ಮನೆಯ ಬೆಕ್ಕು. ರಘುನಾಥರಿಗೆ ಬೆಕ್ಕು ಅಂದರೆ ಮೊದಲಿಂದಲೂ ಅಷ್ಟಕ್ಕಷ್ಟೆ. ಅದಕ್ಕೆ ಹಾಲು ಹಾಕುತ್ತಿದ್ದವರು, ಬೈಯುತ್ತಿದ್ದವರು, ಮುದ್ದು ಮಾಡುತ್ತಿದ್ದವರು ಎಲ್ಲ ವಸುಧಾನೇ.

ಕರಡು ಓದಿದ ಇಬ್ಬರಲ್ಲಿ ಒಬ್ಬರು 'ಬೆಕ್ಕು ಅವರಿಬ್ಬರ ಪ್ರೀತಿಯ ಸಂಕೇತ, ಚೆನ್ನಾಗಿದೆ' ಅಂದರು. ಇನ್ನೊಬ್ಬರು 'ಅಲ್ಲ, ಅದು ನೆನಪು' ಅಂದರು. ಇಬ್ಬರೂ ಮೆಚ್ಚಿಕೊಂಡೇ ಹೇಳಿದ್ದು. ಆದರೆ ಆವತ್ತಿನಿಂದ ಚುಕ್ಕಿಯ ಬಗ್ಗೆ ಒಂದು ಸಾಲು ಬರೆಯಲೂ ಕೈ ಓಡುತ್ತಿಲ್ಲ. ಬಾಲ ಅಲ್ಲಾಡಿಸಿತು ಅಂತ ಬರೆದರೂ 'ಇದರ ಅರ್ಥ ಏನು' ಅಂತ ಯಾರೋ ಪಕ್ಕದಲ್ಲಿ ನಿಂತು ಕೇಳಿದ ಹಾಗಾಗುತ್ತದೆ. ಆ ಅಧ್ಯಾಯದ ಕೊನೆಯಲ್ಲಿ ಒಂದು ಸಾಲಿದೆ: 'ಬೆಕ್ಕಿನ ಕಣ್ಣಲ್ಲಿ ಅವಳಿದ್ದಳು.' ಇದನ್ನು ಇಡಲೋ, ತೆಗೆಯಲೋ?

ನೀವು ಓದಿದ್ದರಲ್ಲಿ ಪ್ರಾಣಿಯೊಂದು ಪ್ರೀತಿಯನ್ನೋ ನೆನಪನ್ನೋ ನಿಜವಾಗಿ ಹೊತ್ತದ್ದು ಎಲ್ಲಿ? ಅದು ಹೇಗೆ ಸಾಧ್ಯವಾಯಿತು?

ಹಳೆಯ ಮೇಷ್ಟ್ರು

ಅಮ್ಮಾ, ನಿಮ್ಮ ಪ್ರಶ್ನೆಗೆ ನೀವು ಬರೆಯುತ್ತಿರುವ ಪ್ರಕಾರದ ಹೆಸರಿನಲ್ಲೇ ಒಂದು ಉತ್ತರ ಅಡಗಿದೆ. ನಾವು 'ಕಾದಂಬರಿ' ಎನ್ನುತ್ತೇವಲ್ಲ, ಆ ಮಾತು ಬಂದದ್ದು ಬಾಣಭಟ್ಟನ ಕೃತಿಯಿಂದ. ಏಳನೇ ಶತಮಾನ, ಹರ್ಷನ ಆಸ್ಥಾನದ ಕವಿ. ನಾಗವರ್ಮ ಅದನ್ನು 'ಕರ್ಣಾಟಕ ಕಾದಂಬರಿ'ಯಾಗಿ ಕನ್ನಡಕ್ಕೆ ತಂದ. ಆ ಕಥೆಯನ್ನು ಹೇಳುವವರು ಯಾರು ಗೊತ್ತೇ? ಒಂದು ಗಿಳಿ.

ಶೂದ್ರಕನೆಂಬ ರಾಜನ ಸಭೆಗೆ ಒಬ್ಬ ಹುಡುಗಿ ಪಂಜರದಲ್ಲಿ ಗಿಳಿಯನ್ನು ತರುತ್ತಾಳೆ. ಗಿಳಿ ಬಲಗಾಲೆತ್ತಿ ರಾಜನನ್ನು ಹೊಗಳಿ ಪದ್ಯ ಹೇಳುತ್ತದೆ. ಊಟವಾದ ಮೇಲೆ ರಾಜ ಅದರ ಕಥೆ ಕೇಳುತ್ತಾನೆ. ಗಿಳಿ ತಾನು ಹುಟ್ಟಿದ ಬೂರುಗದ ಮರದಿಂದ ಶುರುಮಾಡುತ್ತದೆ. ತಾಯಿ ಹೆರಿಗೆಯಲ್ಲೇ ಸತ್ತಿದ್ದಾಳೆ. ತಂದೆಗೆ ವಯಸ್ಸಾಗಿ ರೆಕ್ಕೆ ಸವೆದುಹೋಗಿ ಹಾರಲಾಗದು. ಬೇರೆ ಗೂಡುಗಳಿಂದ ಉದುರಿದ ಕಾಳನ್ನು ಆಯ್ದು ಮರಿಗೆ ತಿನ್ನಿಸಿ, ಉಳಿದರೆ ತಾನು ತಿನ್ನುತ್ತದೆ. ಬೇಡ ಮರ ಹತ್ತಿ ಬಂದಾಗ ಆ ಮುದಿಗಿಳಿ ಮರಿಯನ್ನು ರೆಕ್ಕೆಯಡಿ ಮುಚ್ಚಿಕೊಳ್ಳುತ್ತದೆ. ಬೇಡ ಅದನ್ನು ಕೊಂದು ಕೆಳಗೆ ಎಸೆಯುತ್ತಾನೆ. ಮರಿ ತಂದೆಯ ಎದೆಯಡಿ ಅಂಟಿಕೊಂಡೇ ಬಂದು ತರಗೆಲೆಯ ರಾಶಿಯ ಮೇಲೆ ಬೀಳುತ್ತದೆ, ಬದುಕುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ದುಃಖಕ್ಕಿಂತ ಬಾಯಾರಿಕೆ ಹೆಚ್ಚು. ತಂದೆ ಸತ್ತು ಬಿದ್ದಿದ್ದಾನೆ, ನಾನು ನೀರಿಗಾಗಿ ತೆವಳುತ್ತಿದ್ದೇನೆ ಎಂದು ಅದು ತನ್ನನ್ನೇ ಹಳಿದುಕೊಳ್ಳುತ್ತದೆ.

ಆಮೇಲೆ ಜಾಬಾಲಿ ಮುನಿಯ ಆಶ್ರಮದಲ್ಲಿ ಆ ಗಿಳಿಗೆ ತನ್ನ ಹಿಂದಿನ ಜನ್ಮಗಳು ತಿಳಿಯುತ್ತವೆ. ತಾನು ಪುಂಡರೀಕನಾಗಿದ್ದೆ, ಮಹಾಶ್ವೇತೆಯನ್ನು ಪ್ರೀತಿಸಿ ವಿರಹದಲ್ಲಿ ಸತ್ತೆ, ಮತ್ತೆ ವೈಶಂಪಾಯನನಾಗಿ ಹುಟ್ಟಿ ಅವಳನ್ನು ಕಂಡೆ, ಗುರುತು ಹತ್ತದ ಅವಳೇ ಗಿಳಿಯಾಗೆಂದು ಶಪಿಸಿದಳು. ಇಷ್ಟೂ ನೆನಪಾಗುವ ಹೊತ್ತಿಗೆ ರೆಕ್ಕೆ ಬಲಿತಿರುವುದಿಲ್ಲ. ಹಾರಲು ಬಂದ ಕೂಡಲೇ ಅವಳಿದ್ದಲ್ಲಿಗೆ ಹೊರಡುತ್ತದೆ, ದಾರಿಯಲ್ಲಿ ಬಲೆಗೆ ಬೀಳುತ್ತದೆ.

ಕೇಳುತ್ತ ಕೂತ ರಾಜನೂ ಹಿಂದಿನ ಜನ್ಮದಲ್ಲಿ ಕಾದಂಬರಿಯೆಂಬ ಕಥಾನಾಯಕಿಯ ಪ್ರಿಯಕರ. ಅವನಿಗೆ ಅದು ಮರೆತೇಹೋಗಿದೆ. ಮನುಷ್ಯರು ಕಳೆದುಕೊಂಡ ಪ್ರೀತಿಯನ್ನು ಒಂದು ಹಕ್ಕಿ ಹೊತ್ತು ತಂದು ಒಪ್ಪಿಸುತ್ತದೆ. ನನ್ನ ಮಟ್ಟಿಗೆ ಇದು ಸಂಕೇತವಲ್ಲ, ಸಾಕ್ಷಿ. ಚುಕ್ಕಿಯನ್ನೂ ಹಾಗೆ ನೋಡಿ. ಪ್ರಾಣಿ ನೆನಪನ್ನು 'ಸೂಚಿಸು'ವುದಿಲ್ಲ, ಇಟ್ಟುಕೊಂಡಿರುತ್ತದೆ.

ಶಶಾಂಕ ಕೆ.

ಮೇಷ್ಟ್ರೇ, ಸಾಕ್ಷಿ ಅನ್ನೋ ಮಾತು ಒಪ್ಪಿದೆ. ಆದರೆ ಗಿಳಿಯ ಉದಾಹರಣೆ ಇಲ್ಲಿಗೆ ಸರಿಹೊಂದುತ್ತಾ? ಅದು ಗಿಳಿಯ ಮೈಯೊಳಗಿರುವ ಮನುಷ್ಯ. ಅದಕ್ಕೆ ಮಾತು ಬರುತ್ತೆ, ಪದ್ಯ ಬರುತ್ತೆ, ಪಶ್ಚಾತ್ತಾಪವೂ ಆಗುತ್ತೆ. ಚುಕ್ಕಿಗೆ ಅದು ಯಾವುದೂ ಇಲ್ಲ. ತನಗೇನು ಗೊತ್ತು ಅಂತ ಅದು ಯಾರಿಗೂ ಹೇಳಲಾರದು. ಮಾತಿಲ್ಲದ ಪ್ರಾಣಿ ಹೇಗೆ ಸಾಕ್ಷಿ ಹೇಳುತ್ತೆ ಅನ್ನೋದೇ ಇವರ ಕಷ್ಟ.

ವೀಣಾ ಎಸ್.

ಶಶಾಂಕ್ ಕೇಳಿದ್ದಕ್ಕೆ ಶಾಕುಂತಲದಲ್ಲಿ ಉತ್ತರ ಇದೆ. ಅದು ನಾಟಕ ಅಂತ ಗೊತ್ತು, ಆದರೂ ಪ್ರೀತಿ, ಮರೆವು, ಪ್ರಾಣಿ ಮೂರೂ ಇಷ್ಟು ಬಿಗಿಯಾಗಿ ಹೆಣೆದುಕೊಂಡದ್ದು ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಐದನೇ ಅಂಕ ನೋಡಿ. ದುಷ್ಯಂತನಿಗೆ ಶಾಪದಿಂದ ಎಲ್ಲ ಮರೆತಿದೆ. ಶಕುಂತಲೆ ಉಂಗುರ ತೋರಿಸಲು ಹೋಗುತ್ತಾಳೆ, ಬೆರಳು ಖಾಲಿ. ಆಗ ಅವಳು ನೆನಪು ಮಾಡಿಕೊಡುವುದು ಏನನ್ನ? ಅವನು ಕೊಟ್ಟ ಮಾತನ್ನಲ್ಲ, ಆಣೆಯನ್ನಲ್ಲ. ಒಂದು ಜಿಂಕೆಮರಿಯನ್ನ. ಅವಳು ಹೇಳುತ್ತಾಳೆ: ಬಳ್ಳಿಮನೆಯಲ್ಲಿ ಒಂದು ದಿನ ನಿಮ್ಮ ಕೈಯಲ್ಲಿ ತಾವರೆ ಎಲೆಯ ದೊನ್ನೆಯಲ್ಲಿ ನೀರಿತ್ತು. ನನ್ನ ಸಾಕುಮರಿ ದೀರ್ಘಾಪಾಂಗ ಬಂತು. ಮೊದಲು ಇದು ಕುಡಿಯಲಿ ಅಂತ ನೀವು ಕರೆದಿರಿ, ಪರಿಚಯ ಇಲ್ಲದ ಕೈ ಅಂತ ಅದು ಹತ್ತಿರ ಬರಲಿಲ್ಲ. ಅದೇ ದೊನ್ನೆಯನ್ನು ನಾನು ಹಿಡಿದಾಗ ಕುಡಿಯಿತು. ಆಗ ನೀವು ನಕ್ಕು, ಎಲ್ಲರೂ ತಮ್ಮವರನ್ನೇ ನಂಬುತ್ತಾರೆ, ನೀವಿಬ್ಬರೂ ಕಾಡಿನವರು ಅಂದಿರಿ.

ಎಷ್ಟು ಸಣ್ಣ ಸಂಗತಿ! ಹೊರಗಿನವರು ಹುಟ್ಟಿಸಿ ಹೇಳಲಾರದಷ್ಟು ಸಣ್ಣದು. ಅದಕ್ಕೇ ನಾವು ನಂಬುತ್ತೇವೆ. ದುಷ್ಯಂತ ಮಾತ್ರ ನಂಬುವುದಿಲ್ಲ. ಅವನು ಇನ್ನೊಂದು ಪ್ರಾಣಿಯನ್ನು ಎದುರಿಗೆ ತಂದಿಡುತ್ತಾನೆ: ಕೋಗಿಲೆ ತನ್ನ ಮರಿಯನ್ನು ಬೇರೆ ಹಕ್ಕಿಗಳಿಂದ ಸಾಕಿಸುತ್ತಲ್ಲ, ಹೆಣ್ಣಿನ ಚಾತುರ್ಯ ಅಂಥದ್ದು, ಅಂತ. ಗರ್ಭಿಣಿಗೆ ಸಭೆಯಲ್ಲಿ ಹೇಳುವ ಮಾತು ಅದು. ಅವಳ ಜಿಂಕೆ ಅವಳು ಸಾಕಿದ ಜಿಂಕೆ, ಅದಕ್ಕೆ ಹೆಸರಿದೆ. ಅವನ ಕೋಗಿಲೆಗೆ ಹೆಸರಿಲ್ಲ, ಅದು ಗಾದೆಯೊಳಗಿನ ಕೋಗಿಲೆ. ಪ್ರೀತಿ ಇರುವ ಬಾಯಲ್ಲಿ ಪ್ರಾಣಿ ಯಾವುದು, ಪ್ರೀತಿ ಮರೆತ ಬಾಯಲ್ಲಿ ಯಾವುದು ಅಂತ ಕಾಳಿದಾಸ ಎದುರುಬದುರು ನಿಲ್ಲಿಸಿದ್ದಾನೆ.

ಕೊನೆಗೆ ನೆನಪು ತಂದುಕೊಟ್ಟದ್ದು ಪ್ರೀತಿಯೇ ಗೊತ್ತಿಲ್ಲದ ಒಂದು ಮೀನು. ಉಂಗುರ ನುಂಗಿತ್ತು, ಅಷ್ಟೆ. ಬೆಸ್ತ ಕೊಯ್ದಾಗ ಸಿಕ್ಕಿತು. ಪ್ರೀತಿಸಿದ ಜಿಂಕೆಯ ಸಾಕ್ಷಿ ಬಿದ್ದುಹೋಯಿತು, ಏನೂ ತಿಳಿಯದ ಮೀನಿನ ಸಾಕ್ಷಿ ನಿಂತಿತು. ನನಗೆ ಪ್ರತಿ ಸಲ ಓದಿದಾಗಲೂ ಇದು ಸಂಕಟ ಕೊಡುತ್ತದೆ.

ಸಂಜೆಮಲ್ಲಿಗೆ ಅವರೇ, ನಿಮ್ಮ ಚುಕ್ಕಿ ಜಿಂಕೆಯೋ ಮೀನೋ? ಅದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ ಅನಿಸುತ್ತೆ.

ಸಂಜೆಮಲ್ಲಿಗೆ

ಈ ಕೊನೆಯ ಪ್ರಶ್ನೆ ನನ್ನನ್ನು ರಾತ್ರಿಯೆಲ್ಲ ಎಚ್ಚರವಾಗಿಟ್ಟಿತು ವೀಣಾ ಅವರೇ. ಇಷ್ಟು ದಿನ ನಾನು ಚುಕ್ಕಿಯನ್ನು ಜಿಂಕೆ ಅಂದುಕೊಂಡೇ ಬರೆದದ್ದು. ಅದಕ್ಕೆ ವಸುಧಾ ಬೇಕು, ಅದಕ್ಕೇ ಅಲ್ಲಿ ಕೂರುತ್ತೆ ಅಂತ. ಮೀನಾಗಿದ್ದರೆ? ಅದಕ್ಕೆ ಆ ದಿಂಬು ಮೆತ್ತಗಿದೆ, ಅಷ್ಟೇ ಆಗಿದ್ದರೆ?

ಪಶುವೈದ್ಯೆ

ನಾನು ಸಾಹಿತ್ಯ ಓದಿದವಳಲ್ಲ, ಕೆಲಸ ಪ್ರಾಣಿಗಳ ಜೊತೆ. ಹಾಗಾಗಿ ಬೆಕ್ಕಿನ ಕಡೆಯಿಂದ ನಾಲ್ಕು ಮಾತು.

ಬೆಕ್ಕು ಕೆನ್ನೆ, ಗದ್ದ ಉಜ್ಜುವುದು ಬರೀ ಮುದ್ದಿಗಲ್ಲ. ಅಲ್ಲಿ ಗ್ರಂಥಿಗಳಿವೆ, ತನ್ನ ವಾಸನೆಯನ್ನು ಅದು ಬಳಿದಿಡುತ್ತದೆ. ಜನರ ಮೇಲೆ, ಕುರ್ಚಿಯ ಕಾಲಿನ ಮೇಲೆ, ಬಾಗಿಲಿನ ಅಂಚಿಗೆ. ತನ್ನ ವಾಸನೆ ಮತ್ತು ಮನೆಯವರ ವಾಸನೆ ಬೆರೆತ ಜಾಗ ಅದಕ್ಕೆ ನಿಶ್ಚಿಂತೆಯ ಜಾಗ. ಒಬ್ಬರು ವರ್ಷಗಟ್ಟಲೆ ಕೂತ ದಿಂಬಿನಲ್ಲಿ ಅವರ ವಾಸನೆ ಬಹಳ ದಿನ ಉಳಿಯುತ್ತದೆ. ನಮ್ಮ ಮೂಗಿಗೆ ಅದು ತಿಳಿಯದು, ಅದಕ್ಕೆ ತಿಳಿಯುತ್ತದೆ.

ಮನೆಯಲ್ಲಿ ಒಬ್ಬರು ಇಲ್ಲವಾದಾಗ ಕೆಲವು ಬೆಕ್ಕುಗಳು ಸರಿಯಾಗಿ ತಿನ್ನುವುದಿಲ್ಲ, ರಾತ್ರಿ ಕೂಗುತ್ತವೆ, ಆ ವ್ಯಕ್ತಿ ಇರುತ್ತಿದ್ದ ಜಾಗದಲ್ಲೇ ಮಲಗುತ್ತವೆ. ಕೆಲವು ಏನೂ ಆಗದಂತೆ ಇರುತ್ತವೆ. ಅದನ್ನು ದುಃಖ ಅನ್ನಬಹುದೇ? ನಾನು ಅವಸರ ಮಾಡುವುದಿಲ್ಲ. ದಿನಚರಿ ಕೆಟ್ಟಿದೆ, ವಾಸನೆ ಕಡಿಮೆಯಾಗುತ್ತಿದೆ, ಮನೆಯ ಉಳಿದವರ ವರ್ತನೆಯೂ ಬದಲಾಗಿದೆ. ಎಲ್ಲ ಸೇರಿರುತ್ತದೆ.

ಇನ್ನೊಂದು. ಬೆಕ್ಕಿಗೆ ಯಜಮಾನರ ದನಿ ಗೊತ್ತಾಗುತ್ತದೆಯೇ ಅಂತ ಜಪಾನಿನಲ್ಲಿ ನೋಡಿದ್ದಾರೆ, 2013ರಲ್ಲಿ ಪ್ರಕಟವಾಯಿತು. ಅಪರಿಚಿತರು ಹೆಸರು ಕರೆದ ಧ್ವನಿ, ಯಜಮಾನರು ಕರೆದ ಧ್ವನಿ, ಎರಡನ್ನೂ ಕೇಳಿಸಿದರು. ಯಜಮಾನರ ದನಿಗೆ ಬೆಕ್ಕುಗಳು ಹೆಚ್ಚು ಸ್ಪಂದಿಸಿದವು. ಹೇಗೆ ಗೊತ್ತೇ? ಕಿವಿ ತಿರುಗಿಸಿ, ತಲೆ ತಿರುಗಿಸಿ. ಎದ್ದು ಬರಲಿಲ್ಲ, ಕೂಗಲಿಲ್ಲ. ಗೊತ್ತಾಗುತ್ತದೆ, ತೋರಿಸಿಕೊಳ್ಳುವುದಿಲ್ಲ.

ಹಾಗಾಗಿ ನಿಮ್ಮ ಬೆಕ್ಕು ಜಿಂಕೆಯೂ ಅಲ್ಲ, ಮೀನೂ ಅಲ್ಲ. ಎರಡರ ನಡುವೆ ಎಲ್ಲೋ ಇದೆ. ಒಂದು ಪ್ರಶ್ನೆ ಕೇಳಲೇ? ನಿಮ್ಮ ಕಥೆಯಲ್ಲಿ ಆ ದಿಂಬಿನ ಕವರನ್ನು ಯಾರಾದರೂ ಒಗೆಯುತ್ತಾರಾ?

ಸಂಜೆಮಲ್ಲಿಗೆ

ಇಲ್ಲ. ಯೋಚನೆಯೇ ಮಾಡಿರಲಿಲ್ಲ.

ಹೊಳೆದಂಡೆ

ಡಾಕ್ಟರ್ ಅವರ ಮಾತು ಓದಿ ಮೈ ಜುಮ್ಮೆಂದಿತು.

ನನಗೆ ನೆನಪಾದದ್ದು ಹುಲಿಯ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಗುತ್ತಿಯ ನಾಯಿ. ಗುತ್ತಿ ಎಲ್ಲಿಗೆ ಹೋದರೂ ಅದು ಜೊತೆಗೆ. ಎಷ್ಟರಮಟ್ಟಿಗೆ ಅಂದರೆ ಜನ ಅವನನ್ನು ಕರೆಯುವುದೇ ನಾಯಿಗುತ್ತಿ ಅಂತ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಕಥೆಯೆಲ್ಲ ಆ ನಾಯಿಯ ಜೊತೆಯಲ್ಲೇ ನಡೆಯುತ್ತದೆ. ಕೊನೆಗೆ ನೆರೆ ಬಂದ ತುಂಗೆಯನ್ನು ದಾಟುವಾಗ ಹುಲಿಯ ನೀರುಪಾಲಾಗುತ್ತದೆ. ಪ್ರೇಮಿಗಳು ದಡ ಸೇರುತ್ತಾರೆ, ನಾಯಿ ಸೇರುವುದಿಲ್ಲ.

ಅಲ್ಲಿ ಹುಲಿಯ 'ನಿಷ್ಠೆಯ ಸಂಕೇತ' ಅಂದರೆ ನನಗೆ ಸಿಟ್ಟು ಬರುತ್ತದೆ. ಪುಸ್ತಕ 1967ರಲ್ಲಿ ಬಂದದ್ದು, ಅದರ ಬಾಗಿಲಲ್ಲೇ ಕುವೆಂಪು ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಬರೆದಿಟ್ಟಿದ್ದಾರೆ. ಆ ಮಾತು ನಾಯಿಗೂ ಸೇರಿಸಿಯೇ ಹೇಳಿದ್ದು. ಸಂಕೇತ ಅಂದ ಕೂಡಲೇ ನಾಯಿ ಅಮುಖ್ಯ ಆಗಿಬಿಡುತ್ತದೆ, ಅದರ ಹಿಂದಿರುವ ಅರ್ಥ ಮುಖ್ಯವಾಗುತ್ತದೆ. ಹುಲಿಯ ಮುಳುಗಿದಾಗ ನನಗೆ ಅತ್ತದ್ದು ನೆನಪಿದೆ. ನಿಷ್ಠೆಗೋಸ್ಕರ ಅಳಲಿಲ್ಲ ನಾನು. ನಾಯಿಗೋಸ್ಕರ ಅತ್ತೆ.

ನಾಯಿ ಹೋಯಿತು, ಆದರೆ ನಾಯಿಗುತ್ತಿ ಅನ್ನುವ ಹೆಸರಿನಲ್ಲಿ ನಾಯಿ ಉಳಿಯಿತಲ್ಲ. ಅವನನ್ನು ಯಾರೇ ಕೂಗಿದರೂ ಮೊದಲು ಬರುವುದು ಅದೇ. ನೆನಪು ಅಂದರೆ ಅದು.

ಮಂಜು ಓದುಗ

ಹೊಳೆದಂಡೆ ಅವರ ಮಾತಿಗೆ ನೂರಕ್ಕೆ ನೂರು. ಹೋಮರನ 'ಒಡಿಸ್ಸಿ'ಯ ಆರ್ಗಸ್ ಅನ್ನುವ ನಾಯಿಯನ್ನೂ ಸೇರಿಸಿಕೊಳ್ಳಿ. ಇಪ್ಪತ್ತು ವರ್ಷದ ನಂತರ ಭಿಕ್ಷುಕನ ವೇಷದಲ್ಲಿ ಬಂದ ಒಡೆಯನನ್ನು ದಾದಿ ಗುರುತಿಸುವುದು ಕಾಲಿನ ಗಾಯದ ಕಲೆಯಿಂದ. ಹೆಂಡತಿ ಮಂಚದ ಗುಟ್ಟು ಕೇಳಿ ಪರೀಕ್ಷೆ ಮಾಡಿದ ಮೇಲೇ ನಂಬುವುದು. ತಿಪ್ಪೆಯ ಮೇಲೆ ಬಿದ್ದಿದ್ದ ಮುದಿ ನಾಯಿಗೆ ಯಾವ ಪುರಾವೆಯೂ ಬೇಕಾಗಲಿಲ್ಲ. ಬಾಲ ಅಲ್ಲಾಡಿಸಿತು, ಕಿವಿ ಇಳಿಬಿಟ್ಟಿತು, ಏಳಲಾಗಲಿಲ್ಲ. ಒಡೆಯ ಹತ್ತಿರ ಹೋಗುವ ಹಾಗಿಲ್ಲ, ಗುಟ್ಟು ರಟ್ಟಾಗುತ್ತದೆ. ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ನಾಯಿ ಸತ್ತಿತು.

ಶಶಾಂಕ ಕೆ.

ಆರ್ಗಸ್ ಸರಿ. ಆದರೆ ಎಲ್ಲರೂ ನೆನಪಿಟ್ಟುಕೊಳ್ಳುವ ಪ್ರಾಣಿಯನ್ನೇ ಹೇಳ್ತಾ ಇದ್ದೀರಿ. ಪ್ರಾಣಿಯನ್ನು ಮನುಷ್ಯ ಮರೆಯೋದು?

ಚೆಕಾಫ್‌ನ 'ನಾಯಿಮರಿ ಜೊತೆಗಿನ ಮಹಿಳೆ' ಕಥೆ, 1899ರದ್ದು. ಗೂರೊಫ್ ತಾನು ಪ್ರೀತಿಸಿದ ಆ ಮಹಿಳೆಯ ಊರಿಗೆ ಹುಡುಕಿಕೊಂಡು ಹೋಗಿ ಅವಳ ಮನೆಯ ಬೇಲಿ ಮುಂದೆ ಅಡ್ಡಾಡ್ತಾ ಇರ್ತಾನೆ. ಬಾಗಿಲು ತೆಗೆಯುತ್ತೆ, ಒಬ್ಬ ಮುದುಕಿ ಬರ್ತಾಳೆ, ಹಿಂದೆ ಅದೇ ಬಿಳಿ ನಾಯಿ. ಕರೆಯೋಣ ಅಂತ ಬಾಯಿ ತೆಗೀತಾನೆ. ಎದೆ ಎಷ್ಟು ಹೊಡ್ಕೊಳ್ಳುತ್ತೆ ಅಂದ್ರೆ ನಾಯಿಯ ಹೆಸರೇ ಜ್ಞಾಪಕಕ್ಕೆ ಬರೋದಿಲ್ಲ.

ಪ್ರೀತಿ ಹೆಚ್ಚಾಗಿ ನೆನಪು ಕೈಕೊಟ್ಟ ಗಳಿಗೆ ಅದು. ಆ ನಾಯಿ ಏನನ್ನೂ 'ಪ್ರತಿನಿಧಿಸೋದಿಲ್ಲ', ಬೀದಿಗೆ ಬರುತ್ತೆ, ಹೋಗುತ್ತೆ. ಆದರೂ ಅವನು ಅವಳನ್ನು ಎಷ್ಟು ಪ್ರೀತಿಸ್ತಾನೆ ಅಂತ ನಮಗೆ ಅಲ್ಲೇ ಗೊತ್ತಾಗಿಬಿಡುತ್ತೆ.

ಹಳೆಯ ಮೇಷ್ಟ್ರು

ಶಶಾಂಕ್, ಇದು ತುಂಬ ಒಳ್ಳೆಯ ಉದಾಹರಣೆ. ಆದರೂ ಹೊಳೆದಂಡೆಯವರ ಸಿಟ್ಟಿಗೆ ನಾನು ಪೂರ್ತಿ ಸೈ ಎನ್ನಲಾರೆ. ಸಂಕೇತವನ್ನು ಇಷ್ಟು ಕೆಳಗಿಳಿಸಬೇಕಾಗಿಲ್ಲ.

ನಮ್ಮ ಹಿಂದಿನವರು ಕವಿಸಮಯ ಎಂದರು. ಚಕೋರ ಬೆಳದಿಂಗಳು ಕುಡಿಯುತ್ತದೆ, ಚಕ್ರವಾಕ ದಂಪತಿ ರಾತ್ರಿ ಅಗಲುತ್ತವೆ, ಹಂಸ ಹಾಲು ನೀರನ್ನು ಬೇರ್ಪಡಿಸುತ್ತದೆ. ಲೋಕದಲ್ಲಿ ಹೀಗಿಲ್ಲವೆಂದು ಅವರಿಗೂ ಗೊತ್ತಿತ್ತು. ಆದರೆ ನೂರಾರು ಕವಿಗಳು, ಸಾವಿರಾರು ಓದುಗರು ಸೇರಿ ಒಂದು ಹಕ್ಕಿಯಲ್ಲಿ ವಿರಹವನ್ನು ಕೂಡಿಟ್ಟರು. ಚಕ್ರವಾಕ ಎಂದ ಕೂಡಲೇ ಆ ಕೂಡಿಟ್ಟದ್ದೆಲ್ಲ ತೆರೆದುಕೊಳ್ಳುತ್ತದೆ. ಅದೂ ನೆನಪೇ ಅಲ್ಲವೇ? ಒಬ್ಬರದ್ದಲ್ಲ, ಒಂದು ಭಾಷೆಯದ್ದು.

ಅಕ್ಕಮಹಾದೇವಿಯ ಆ ವಚನವನ್ನು ನೆನೆಯಿರಿ. ಹಿಂಡನ್ನು ಅಗಲಿ ಸೆರೆ ಸಿಕ್ಕ ಆನೆ ತನ್ನ ವಿಂಧ್ಯವನ್ನು ನೆನೆಯುವ ಹಾಗೆ, ಬಂಧನಕ್ಕೆ ಬಂದ ಗಿಳಿ ತನ್ನ ಬಂಧುವನ್ನು ನೆನೆಯುವ ಹಾಗೆ, ನಾನು ನಿನ್ನನ್ನು ನೆನೆಯುತ್ತೇನೆ ಎನ್ನುತ್ತಾಳೆ ಚೆನ್ನಮಲ್ಲಿಕಾರ್ಜುನನಿಗೆ. ಪಂಪನೂ ಅಷ್ಟೆ, ಯಾರು ಅಂಕುಶವಿಟ್ಟರೂ ತನ್ನ ಮನಸ್ಸು ಬನವಾಸಿಯನ್ನು ನೆನೆಯುತ್ತದೆ ಎನ್ನುವಾಗ ಮನಸ್ಸು ಆನೆಯೇ ಆಗಿದೆ. ಇವು ಅಪ್ಪಟ ಉಪಮೆ, ರೂಪಕ. ಆದರೆ ಆನೆಯನ್ನು ಅಮುಖ್ಯ ಮಾಡಿದ್ದಾರೆಯೇ? ಆನೆಯ ಸಂಕಟ ತಿಳಿಯದವರಿಗೆ ಆ ವಚನ ಬರೆಯಲು ಬರುತ್ತಿರಲಿಲ್ಲ.

ಪಶುವೈದ್ಯೆ

ಮೇಷ್ಟ್ರೇ, ಆನೆಯ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಕೀನ್ಯಾದ ಅಂಬೊಸೆಲಿಯಲ್ಲಿ ಆನೆಗಳ ಮುಂದೆ ಆನೆ, ಘೇಂಡಾಮೃಗ, ಕಾಡೆಮ್ಮೆಯ ತಲೆಬುರುಡೆಗಳನ್ನು ಇಟ್ಟು ನೋಡಿದರು, ದಂತ ಮತ್ತು ಮರದ ತುಂಡನ್ನೂ ಇಟ್ಟರು. 2006ರಲ್ಲಿ ಪ್ರಕಟವಾದ ಅಧ್ಯಯನ. ಆನೆಗಳು ತಮ್ಮ ಜಾತಿಯ ಬುರುಡೆ, ಅದರಲ್ಲೂ ದಂತವನ್ನು ಸೊಂಡಿಲಿನಿಂದ, ಪಾದದಿಂದ ಮುಟ್ಟಿ ಮುಟ್ಟಿ ನೋಡಿದವು. ಆದರೆ ಸತ್ತ ತಮ್ಮದೇ ಹಿರಿಯಳ ಬುರುಡೆಯನ್ನು ಬೇರೆ ಆನೆಗಳದ್ದರಿಂದ ಬೇರ್ಪಡಿಸಿ ಆರಿಸಲಿಲ್ಲ.

ನನಗೆ ಇದರಲ್ಲಿ ನಿರಾಶೆ ಏನೂ ಕಾಣುವುದಿಲ್ಲ. 'ಇವಳು ನನ್ನ ಅಜ್ಜಿ' ಅನ್ನುವ ನೆನಪು ಅಲ್ಲಿ ಇಲ್ಲದಿರಬಹುದು. 'ಇವಳು ನಮ್ಮವಳು' ಅನ್ನುವುದು ಇದೆ. ಕಾದಂಬರಿ ಬರೆಯುವವರು ಈ ಎರಡರ ನಡುವಿನ ಅಂತರವನ್ನು ಉಳಿಸಿಕೊಂಡರೆ ಪ್ರಾಣಿ ಪ್ರಾಣಿಯಾಗಿಯೇ ಉಳಿಯುತ್ತದೆ.

ವೀಣಾ ಎಸ್.

ಮೇಷ್ಟ್ರೇ, ಕವಿಸಮಯ ಪದ್ಯದಲ್ಲಿ ನಡೆಯುತ್ತದೆ, ಕಾದಂಬರಿಯಲ್ಲಿ ಅಷ್ಟು ಸುಲಭ ಅಲ್ಲ. ಪದ್ಯದ ಹಕ್ಕಿ ಒಂದು ಸಾಲು ಹಾರಿ ಹೋಗುತ್ತೆ. ಕಾದಂಬರಿಯ ಬೆಕ್ಕಿಗೆ ಮುನ್ನೂರು ಪುಟ ಹಸಿವಾಗುತ್ತೆ, ಮರಿ ಹಾಕುತ್ತೆ, ವಯಸ್ಸಾಗುತ್ತೆ. ಅಷ್ಟು ಉದ್ದಕ್ಕೂ ಒಂದೇ ಅರ್ಥ ಹೊತ್ತು ನಡಿ ಅಂದರೆ ಅದು ನಡೆಯೋದಿಲ್ಲ. ಅರ್ಥವೂ ಬದಲಾಗುತ್ತಾ ಹೋಗಬೇಕು.

ದೀಪದ ಹುಳ

ಎರಡು ದಿನದಿಂದ ಓದುತ್ತಿದ್ದೆ, ಬರೆಯಲೋ ಬೇಡವೋ ಅಂತ ಇದ್ದೆ.

ನನ್ನ ಅಮ್ಮನಿಗೆ ಕೊನೆಯ ನಾಲ್ಕು ವರ್ಷ ಮರೆವಿನ ಕಾಯಿಲೆ ಇತ್ತು. ಮೊದಲು ದಿನ, ವಾರ ಹೋಯಿತು. ಆಮೇಲೆ ನಮ್ಮ ಹೆಸರುಗಳು. ಕೊನೆಗೆ ನಾನು ಹತ್ತಿರ ಕೂತರೆ 'ನೀವು ಯಾರ ಮನೆಯವರು' ಅಂತ ಮರ್ಯಾದೆಯಿಂದ ಕೇಳುತ್ತಿದ್ದಳು. ಬಹುವಚನದಲ್ಲಿ. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಅವಳು ಮಂಚದ ಮೇಲೆ ಮಲಗಿ ಎಡಗೈಯನ್ನು ಪಕ್ಕಕ್ಕೆ ಇಳಿಬಿಡುತ್ತಿದ್ದಳು. ಅಂಗೈ ಕೆಳಮುಖ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಆ ಕೈ ನಿಂತು, ನಿಧಾನಕ್ಕೆ ಹಿಂದೆ ಮುಂದೆ ಆಡುತ್ತಿತ್ತು. ನರದ ತೊಂದರೆ ಇರಬೇಕು ಅಂದುಕೊಂಡಿದ್ದೆವು. ಒಂದು ದಿನ ಅಣ್ಣ ಬಂದವನು ನೋಡಿ ಅಲ್ಲೇ ಕೂತುಬಿಟ್ಟ. 'ರಾಜಿ' ಅಂದ.

ರಾಜಿ ನಾವು ಚಿಕ್ಕವರಿದ್ದಾಗ ಮನೆಯಲ್ಲಿದ್ದ ನಾಯಿ. ಅಮ್ಮನ ಮಂಚದ ಪಕ್ಕದಲ್ಲೇ ಮಲಗುತ್ತಿತ್ತು. ಸತ್ತು ಮೂವತ್ತು ವರ್ಷದ ಮೇಲಾಗಿತ್ತು. ಅದು ಎದ್ದು ಕೂತರೆ ಅದರ ತಲೆ ಎಷ್ಟು ಎತ್ತರಕ್ಕೆ ಬರುತ್ತಿತ್ತೋ ಅಷ್ಟೇ ಎತ್ತರದಲ್ಲಿ ಅಮ್ಮನ ಕೈ ಆಡುತ್ತಿತ್ತು. ಹೆಸರು ಕೇಳಿದ್ದರೆ ಅಮ್ಮ ಹೇಳುತ್ತಿದ್ದಳೋ ಇಲ್ಲವೋ. ಕೈಗೆ ಗೊತ್ತಿತ್ತು.

ಪ್ರಾಣಿ ನಮ್ಮನ್ನು ನೆನಪಿಟ್ಟುಕೊಳ್ಳುತ್ತದೆಯೇ ಅಂತ ಎಲ್ಲರೂ ಮಾತಾಡುತ್ತಿದ್ದೀರಿ. ನಮ್ಮ ಮೈ ಅವನ್ನು ಎಲ್ಲಿ ಇಟ್ಟುಕೊಂಡಿರುತ್ತದೆ ಅನ್ನುವುದನ್ನೂ ಯಾರಾದರೂ ಬರೆಯಲಿ ಅಂತ ಆಸೆ.

ಹೊಳೆದಂಡೆ

ದೀಪದ ಹುಳ ಅವರೇ, ಬರೆದದ್ದಕ್ಕೆ ಕೈ ಮುಗಿಯುತ್ತೇನೆ.

ಮಂಜು ಓದುಗ

ಆ ಒಂದೂವರೆ ಅಡಿ ನನ್ನ ತಲೆಯಿಂದ ಹೋಗುವುದಿಲ್ಲ.

ಸಂಜೆಮಲ್ಲಿಗೆ

ಒಂದು ವಾರದಿಂದ ಇಲ್ಲಿಗೆ ಬರಲಿಲ್ಲ, ಕ್ಷಮಿಸಿ. ಬರೆಯುತ್ತಿದ್ದೆ. ಒಂಬತ್ತನೇ ಅಧ್ಯಾಯ ಪೂರ್ತಿ ತೆಗೆದುಹಾಕಿ ಮತ್ತೆ ಬರೆದೆ. ನಿಮ್ಮೆಲ್ಲರ ಋಣ ಅದರಲ್ಲಿದೆ, ಅದಕ್ಕೇ ಹೇಳುತ್ತೇನೆ.

ಡಾಕ್ಟರ್ ಕೇಳಿದ ಪ್ರಶ್ನೆಯೇ ಬೀಗ ತೆಗೆಯಿತು. ಈಗ ರಘುನಾಥರು ಒಂದು ದಿನ ಮನೆ ಸ್ವಚ್ಛ ಮಾಡಲು ಹೊರಡುತ್ತಾರೆ. ಮೂರು ತಿಂಗಳಿಂದ ಮುಟ್ಟದ್ದನ್ನೆಲ್ಲ ಮುಟ್ಟುತ್ತಾರೆ. ದಿಂಬಿನ ತುಂಬ ಬೆಕ್ಕಿನ ಕೂದಲು. ಕವರ್ ಬಿಚ್ಚಿ ನೆನೆಹಾಕಿ, ಸೋಪು ಹಾಕಿ ತಿಕ್ಕಿ ಒಗೆಯುತ್ತಾರೆ, ಒಳಗಿನ ಬಟ್ಟೆ ಚೂರುಗಳನ್ನೂ ಸುರಿದು ಬಿಸಿಲಿಗೆ ಹಾಕುತ್ತಾರೆ. ಸಂಜೆ ಮತ್ತೆ ತುಂಬಿ ಸ್ಟೂಲಿನ ಮೇಲೆ ಇಡುತ್ತಾರೆ. ಹೊಲಿಗೆ ಅವರಿಗೆ ಬರುವುದಿಲ್ಲ, ಒಂದು ಬದಿ ತೆರೆದೇ ಇದೆ. ಚುಕ್ಕಿ ಬರುತ್ತದೆ. ಸ್ಟೂಲಿಗೆ ಹಾರುತ್ತದೆ. ದಿಂಬನ್ನು ಮೂಸುತ್ತದೆ, ಒಂದು ಸುತ್ತು ತಿರುಗುತ್ತದೆ, ಇನ್ನೊಂದು ಸಲ ಮೂಸುತ್ತದೆ. ಇಳಿದು ಹೋಗುತ್ತದೆ. ಮರುದಿನ ಬರುವುದಿಲ್ಲ. ಅದರ ಮರುದಿನವೂ ಇಲ್ಲ.

ದಿಂಬಿನಲ್ಲಿ ಇಷ್ಟು ದಿನ ಏನಿತ್ತು ಅಂತ ರಘುನಾಥರಿಗೆ ಆಗ ಗೊತ್ತಾಗುತ್ತದೆ. ಅವರ ಮೂಗಿಗೆ ಒಮ್ಮೆಯೂ ತಿಳಿಯದೇ ಇದ್ದದ್ದನ್ನು ಅವರ ಕೈಯೇ ತೊಳೆದುಬಿಟ್ಟಿದೆ. ಬೆಕ್ಕಿನ ಮೇಲೆ ಮೊದಲ ಸಲ ಅವರಿಗೆ ಹೊಟ್ಟೆಕಿಚ್ಚು ಬರುತ್ತದೆ. ಮೂರು ತಿಂಗಳು ಹೆಚ್ಚಿಗೆ ಅವಳ ಜೊತೆ ಇತ್ತಲ್ಲ ಅದು, ಅಂತ. ಇದನ್ನು ಬರೆದು ನಾನು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ವೀಣಾ ಎಸ್.

ಹೊಟ್ಟೆಕಿಚ್ಚು! ಅದು ನಿಜ. ಪ್ರೀತಿಗೆ ನೀವು ಪ್ರೀತಿ ಅನ್ನುವ ಹೆಸರೇ ಇಡಲಿಲ್ಲ.

ಆ ಹಳೇ ಸಾಲು ಏನಾಯಿತು? ಕಣ್ಣಲ್ಲಿ ಅವಳಿದ್ದಳು?

ಸಂಜೆಮಲ್ಲಿಗೆ

ತೆಗೆದೆ. ವಸುಧಾ ಇದ್ದದ್ದು ದಿಂಬಿನಲ್ಲಿ, ಬೆಕ್ಕಿನ ಕಣ್ಣಲ್ಲಿ ಅಲ್ಲ.

ಅಧ್ಯಾಯದ ಕೊನೆಗೆ ಈಗ ಇದಿದೆ. ರಘುನಾಥರ ಫೋನಿನಲ್ಲಿ ಹೆಂಡತಿ ಕಳಿಸಿದ್ದ ಒಂದು ಹಳೆಯ ಧ್ವನಿ ಸಂದೇಶ ಉಳಿದಿದೆ. ವಿಶೇಷವೇನಿಲ್ಲ. 'ಕಪ್ಪು ದಾರ ಮುಗಿದಿದೆ, ಬರುವಾಗ ಎರಡು ರೀಲು ತನ್ನಿ, ಮರೀಬೇಡಿ.' ಅಷ್ಟೇ. ಒಂದು ರಾತ್ರಿ ಅವರು ಅದನ್ನು ಹಾಕುತ್ತಾರೆ. ಚುಕ್ಕಿ ಬಾಗಿಲ ಬಳಿ ಬೆನ್ನು ತಿರುಗಿಸಿ ಮಲಗಿದೆ. ಏಳುವುದಿಲ್ಲ, ಕಣ್ಣೂ ತೆರೆಯುವುದಿಲ್ಲ. ಎಡಗಿವಿ ಮಾತ್ರ ಫೋನಿನ ಕಡೆ ತಿರುಗುತ್ತದೆ. ಸಂದೇಶ ಮುಗಿಯುವ ತನಕ ಹಾಗೇ ಇರುತ್ತದೆ. ಮುಗಿದ ಮೇಲೆ ಮೊದಲಿದ್ದ ಕಡೆಗೆ ಹೋಗುತ್ತದೆ. ಅವರು ಮತ್ತೆ ಹಾಕುತ್ತಾರೆ.

ಪಶುವೈದ್ಯೆ

ಎರಡನೇ ಸಲವೂ ಕಿವಿ ತಿರುಗುತ್ತದೆ ಅಂತ ಬರೆಯಿರಿ. ಐದಾರು ಸಲ ಹಾಕಿದರೆ ನಿಂತುಹೋಗುತ್ತದೆ, ಅಭ್ಯಾಸವಾಗಿಬಿಡುತ್ತದೆ. ಅದು ರಘುನಾಥರಿಗೆ ಗೊತ್ತಾಗಬೇಕಾ ಬೇಡವಾ ನೀವು ನೋಡಿ.

ಶಶಾಂಕ ಕೆ.

ಗೊತ್ತಾಗಲಿ ಅಂತ ನನ್ನ ಮತ. ಎರಡು ಸಲ ಹಾಕಿ, ಮೂರನೇ ಸಲಕ್ಕೆ ಬೆರಳು ಹೋಗಿ, ಅಲ್ಲೇ ನಿಲ್ಲಲಿ.

ದೀಪದ ಹುಳ

ನನಗೆ ಬೇಡ ಅನಿಸುತ್ತದೆ. ಅವರು ಹಾಕುತ್ತಲೇ ಇರಲಿ.

ಸಂಜೆಮಲ್ಲಿಗೆ

ಇಬ್ಬರು ಹೇಳಿದ್ದನ್ನೂ ಬರೆದು ನೋಡುತ್ತೇನೆ. ಅಂದ ಹಾಗೆ ದೀಪದ ಹುಳ ಅವರೇ, ಹತ್ತನೇ ಅಧ್ಯಾಯದಲ್ಲಿ ರಘುನಾಥರ ಕೈ ಮಂಚದಿಂದ ಕೆಳಗೆ ಇಳಿಬಿದ್ದಿರುವ ಒಂದು ಕಡೆ ಬರುತ್ತದೆ. ಚುಕ್ಕಿಯ ಎತ್ತರಕ್ಕೆ. ನಿಮ್ಮ ಅಮ್ಮನಿಂದ ಪಡೆದದ್ದು. ಇಟ್ಟುಕೊಳ್ಳಲು ನಿಮ್ಮ ಒಪ್ಪಿಗೆ ಬೇಕು.

ದೀಪದ ಹುಳ

ಇಟ್ಟುಕೊಳ್ಳಿ. ಬೆಕ್ಕಾದರೆ ಕೈ ಇನ್ನೂ ಸ್ವಲ್ಪ ಕೆಳಗೆ ಇರಲಿ.